ಮಾಳಿಗೆ ಮೇಲೆ ಎರಡು ಗೇಮ್ ಕಂಪನಿ

ಕನ್ಯಾ ನೋಡಲು ಬಂದ ಹುಡುಗ, ನೋಡಿಸಿಕೊಳ್ಳಲು ಕೂತ ಹುಡುಗಿ ಮೊದಲ ಭೇಟಿಯಲ್ಲೇ ಜಗಳಕ್ಕೆ ನಿಂತದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಹೋದ ಭಾನುವಾರ ಕಂಡೆ. ಅದೂ ನಾನೇ ಮುಂದೆ ನಿಂತು ತಂದ ಸಂಬಂಧ.

ಹುಡುಗಿ ನನ್ನ ತಮ್ಮ ಶೇಖಪ್ಪನ ಮಗಳು ವಿದ್ಯಾ. ಮನೆ ಶಲವಡಿಯಲ್ಲಿ, ಕೆಲಸ ನವಲಗುಂದದ ಒಂದು ಶಾಲೆಯಲ್ಲಿ, ಕಂಪ್ಯೂಟರ್ ಟೀಚರ್. ಹುಡುಗ ಗಿರೀಶ. ಕುಂದಗೋಳದಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಹಿರಿಯರೆಲ್ಲ ಜಮಖಾನದ ಮೇಲೆ ಕೂತರು. ಶಿರಾ-ಉಪ್ಪಿಟ್ಟು ಆಯಿತು, ಚಹಾ ಆಯಿತು, ಮಳೆ-ಬೆಳೆಯ ಮಾತೂ ಮುಗಿಯಿತು. ಆಗ ಹುಡುಗನ ತಾಯಿ, "ಹುಡುಗ್ರು ಒಂದೆರಡು ಮಾತಾಡ್ಕೊಳ್ಳಿ ಬಿಡ್ರಿ, ಈಗಿನ ಕಾಲ" ಅಂದರು.

ಇಬ್ಬರನ್ನೂ ಮಾಳಿಗೆ ಮೇಲೆ ಕಳಿಸಿದೆವು. ಅಲ್ಲಿ ಮೆಣಸಿನಕಾಯಿ ಒಣಹಾಕಿತ್ತು. (ಸೀನು ಬಂದರೆ ಬರಲಿ, ಬೇರೆ ಜಾಗ ಎಲ್ಲಿದೆ?)

ಆಮೇಲೆ ಬೆಳಕಿಂಡಿಯಿಂದ ವಿದ್ಯಾಳ ದನಿ ನೇರವಾಗಿ ಪಡಸಾಲೆಗೇ ಇಳಿಯಿತು.

"ಹಂಗಾದ್ರ ಆ ಕಂಪನಿ ಹಿಂದ ಮಾಡಿದ್ದೆಲ್ಲಾ ಕಸ ಅಂತೀರೇನು?"

"ಕಸ ಅಂದಿಲ್ರಿ. ಆಡೋರನ್ನ ಒಂದ್ ಮಾತು ಕೇಳದ ಎಲ್ಲಾ ತಾವ ತೀರ್ಮಾನ ಮಾಡಿದ್ರು. ಅದಕ್ಕ ಮುಳುಗಿದ್ರು ಅಂದೆ."

"ಮುಳುಗಿಲ್ಲ. ಮತ್ತ ಏಳ್ತಾರ ನೋಡ್ರಿ."

"ಏಳ್ಳಿ, ನಾ ಏನ್ ಬ್ಯಾಡಂತೀನಾ? ಮೊದಲ ಕೇಳೂದು ಕಲೀಲಿ."

ಕೆಳಗೆ ನಾವೆಲ್ಲ ಚಹಾದ ಕಪ್ಪು ಹಿಡಿದುಕೊಂಡು ಬೆಳಕಿಂಡಿಯನ್ನೇ ನೋಡುತ್ತಿದ್ದೆವು. ಶೇಖಪ್ಪ ನನ್ನ ಕಿವಿಯ ಹತ್ತಿರ ಬಾಗಿ, "ಯಾವ ಕಂಪನಿಯಕ್ಕಾ? ಹುಡುಗ ಷೇರ್ ಗೀರ್ ತಗೊಂಡಾನೇನು?" ಅಂದ. ನನಗೇನು ಗೊತ್ತು? ಹುಡುಗರು ಕೆಳಗಿಳಿದ ಮೇಲೆ ಬಂದವರು "ತಿಳಿಸ್ತೀವ್ರಿ" ಎಂದು ಹೇಳಿ ಕಾರು ಹತ್ತಿದರು. ಸಂಬಂಧ ಮುರಿದಂತೆಯೇ ಎಂದು ಶೇಖಪ್ಪನ ಹೆಂಡತಿ ನೀಲವ್ವ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು.

ಸಂಜೆ ಮೆಣಸಿನಕಾಯಿ ಒಟ್ಟು ಮಾಡುತ್ತ ವಿದ್ಯಾಳನ್ನು ವಿಚಾರಿಸಿದೆ. ಷೇರಲ್ಲ, ವಿಡಿಯೋ ಗೇಮ್. ಅದರಲ್ಲೂ ರೋಲ್-ಪ್ಲೇಯಿಂಗ್ ಎಂಬ ಜಾತಿಯದು. ನೀವು ಒಂದು ಪಾತ್ರವಾಗಿ ಊರೂರು ತಿರುಗಬೇಕು. ದಾರಿಯಲ್ಲಿ ಸಿಕ್ಕವರು ಮಾತಾಡಿಸುತ್ತಾರೆ. ಏನು ಉತ್ತರ ಕೊಡಬೇಕೆಂದು ಕೆಳಗೆ ಮೂರ್ನಾಲ್ಕು ಸಾಲು ಬರುತ್ತವೆ. ಯಾವುದನ್ನು ಆರಿಸುತ್ತೀರೋ ಮುಂದಿನ ಕಥೆ ಅದರಂತೆ ತಿರುಗುತ್ತದೆ. (ಬೇಡ ಎಂಬ ಉತ್ತರ ಆರಿಸಿದರೂ ಕಥೆ ನಿಲ್ಲುವುದಿಲ್ಲವಂತೆ. ಕೇಳಿ ಹೊಟ್ಟೆ ಉರಿಯಿತು.)

ಇಂಥ ಗೇಮ್ ಮಾಡುವ ಎರಡು ವಿದೇಶಿ ಕಂಪನಿಗಳ ಮೇಲೆ ಇವರಿಬ್ಬರ ಜಗಳ. ಹೆಸರುಗಳು ನನ್ನ ಬಾಯಲ್ಲಿ ತಿರುಗುವುದಿಲ್ಲ. ಹಳೇ ಕಂಪನಿ, ಹೊಸ ಕಂಪನಿ ಅನ್ನೋಣ. ವಿದ್ಯಾ ಹಳೇದರ ಕಡೆ, ಗಿರೀಶ ಹೊಸದರ ಕಡೆ.

ಹಳೇ ಕಂಪನಿಗೆ ಒಂದು ಕಾಲವಿತ್ತು. ಅವರು ಏನು ತಂದರೂ ಜನ ಮುಗಿಬಿದ್ದು ಕೊಳ್ಳುತ್ತಿದ್ದರು. ಅವರ ಒಂದು ಗೇಮಿನ ಕಥೆಯೊಳಗಿನ ಗೆಳತಿಯೊಬ್ಬಳು ಸತ್ತಾಗ ವಿದ್ಯಾ ಊಟ ಬಿಟ್ಟಿದ್ದಳಂತೆ. (ನೀಲವ್ವ ಅದನ್ನು ಜ್ವರ ಎಂದು ತಿಳಿದು ಕಷಾಯ ಕುಡಿಸಿದ್ದಳು.) ಆಮೇಲೆ ಅದು ಇನ್ನೊಂದು ದೊಡ್ಡ ಕಂಪನಿಯ ಕೈಗೆ ಹೋಯಿತು. ಈಗ ಕಥೆ ಯಾರಿಗೂ ಬೇಡ, ಎಲ್ಲರಿಗೂ ಗುಂಡು ಹಾರಿಸುವುದೇ ಬೇಕು ಎಂದು ಮೇಲೆ ಕೂತವರು ತಾವೇ ತೀರ್ಮಾನಿಸಿದರು. ಹಾಗೆ ಮಾಡಿದ ಗೇಮ್ ನೆಲಕಚ್ಚಿತು. ಕಥೆ ಬರೆಯುತ್ತಿದ್ದವರನ್ನು ಮನೆಗೆ ಕಳಿಸಿದರು.

ಹೊಸ ಕಂಪನಿಯದು ಬೇರೆಯೇ ಹಾದಿ. ಒಂದು ಹಂತದಲ್ಲಿ ಬಾಗಿಲು ಹಾಕುವ ಸ್ಥಿತಿಗೆ ಬಂದಿತ್ತು. ಆಗ ಅವರು ಅರ್ಧ ಮಾಡಿದ ಗೇಮನ್ನೇ ಆಡುವವರ ಮುಂದಿಟ್ಟು, ಎಲ್ಲಿ ಸರಿಯಿಲ್ಲ ಹೇಳಿ ಎಂದರು. ಜನ ಬಿಡುತ್ತಾರೆಯೇ? ಬೈದರು, ತಪ್ಪು ತೋರಿಸಿದರು, ಇದು ಹೀಗಿರಲಿ ಎಂದು ಹಟ ಹಿಡಿದರು. ಕಂಪನಿಯವರು ವರ್ಷಗಟ್ಟಲೆ ಕೇಳಿಸಿಕೊಂಡರು, ತಿದ್ದಿದರು. ಇವತ್ತು ಆಡುವವರ ಬಾಯಲ್ಲೆಲ್ಲ ಅವರದೇ ಹೆಸರು.

"ಅಂವ ಹೇಳೂದು ಖರೇನ ಐತಿ ಅತ್ತಿ. ಆದ್ರ ಹಳೇ ಕಂಪನಿ ನನ್ನ ಬೆಳಸೇತಿ. ಹಂಗ ಬಿಟ್ಟು ಕೊಡಾಕ ಆಗ್ತೈತೇನು?" ಅಂದಳು ವಿದ್ಯಾ.

ಆ ಮಾತು ನನಗೆ ಹಿಡಿಸಿತು. ಹುಡುಗನ ಮಾತೂ ಹಿಡಿಸಿತು. ನಮ್ಮಲ್ಲಿ ಕೇಳುವ ರೂಢಿ ಎಲ್ಲಿದೆ? ಬಸ್ಸಿನ ಟೈಮ್ ಬದಲಿಸುವವರು ಬಸ್ಸು ಹತ್ತುವವರನ್ನು ಕೇಳುವುದಿಲ್ಲ. ನಮ್ಮ ಯಜಮಾನರು ಹೋದ ವರ್ಷ ದೊಡ್ಡದೊಂದು ಓವನ್ ತಂದರು, ಅಡುಗೆ ಮಾಡುವವಳನ್ನು ಕೇಳಲಿಲ್ಲ. (ಅದರ ಮೇಲೆ ಈಗ ಇಸ್ತ್ರಿ ಬಟ್ಟೆ ಇಡುತ್ತೇವೆ.) ಪತ್ರಿಕೆಗೆ ಬರೆಯುವ ಈ ಅಂಕಣಕ್ಕೆ ಒಳ್ಳೆಯ ವಿಷಯ ಸಿಕ್ಕಿತೆಂದು ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದೆ.

ಬುಧವಾರ ಸಂಜೆ, ನಾನಿನ್ನೂ ಶಲವಡಿಯಲ್ಲೇ ಇದ್ದಾಗ, ಕುಂದಗೋಳದಿಂದ ಹುಡುಗನ ತಾಯಿಯ ಫೋನ್ ಬಂತು. ಶೇಖಪ್ಪ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ನಮಗೆಲ್ಲಾ ಒಪ್ಪಿಗಿ ಐತ್ರಿ. ಹುಡುಗ್ಗೂ ಅಗದಿ ಪಸಂದ ಆಗೇತಿ. ಆದ್ರ ಹುಡುಗಿ ಏನಂತಾಳ ಒಮ್ಮಿ ಕೇಳ್ರಿ ಅನ್ನಾಕತ್ತಾನ."

"ಅಕಿನ್ನೇನ್ ಕೇಳೂದೈತ್ರಿ? ನಮ್ಮ ಮಾತು ಮೀರೂದಿಲ್ಲ ಅಕಿ" ಎಂದು ಶೇಖಪ್ಪ ನಕ್ಕು ಫೋನ್ ಇಟ್ಟ.

ನೀಲವ್ವ ಸಕ್ಕರೆ ಡಬ್ಬಿ ತಂದಳು. ನನ್ನ ಬಾಯಿಗೂ ಬಿತ್ತು. ಅಷ್ಟರಲ್ಲಿ ಶಾಲೆಯಿಂದ ಬಂದ ವಿದ್ಯಾ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡು ನಿಂತಿದ್ದಳು. ಅವಳ ಅಂಗೈಗೂ ಸಕ್ಕರೆ ಬಂತು. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

"ಅಪ್ಪಾ, ನೀ ನನ್ನ ಕೇಳ್ಲೇ ಇಲ್ಲಲ್ಲ."

"ಯಾಕವಾ, ಬ್ಯಾಡಂತೀಯೇನು?"

"ಬ್ಯಾಡ ಅನ್ನಾಕತ್ತಿಲ್ಲ. ಅಂವ ಕೇಳ್ಯಾನ. ಅವತ್ತ ಮಾಳಿಗಿ ಇಳಿಯೂ ಮುಂದ, ನಿಮಗ ನಾ ಒಪ್ಪಿಗೇನ್ರಿ ಅಂತ ಮೆಲ್ಲಕ ಕೇಳ್ದ."

ಮೂರು ದಿನದಿಂದ ಅದೇ ಮನೆಯಲ್ಲಿ ಉಂಡು ಮಲಗಿ, ಗೇಮ್ ಕಂಪನಿಗಳ ಜಾತಕವೆಲ್ಲ ಕೇಳಿದ ನಾನು ಇದೊಂದನ್ನು ಕೇಳಿರಲಿಲ್ಲ. "ನೀ ಏನಂದಿ?" ಅಂದೆ.

"ನಮ್ಮಪ್ಪ ಕೇಳಿದ ಮ್ಯಾಲೆ ಹೇಳ್ತೀನಿ ಅಂದೀನಿ, ಅತ್ತಿ."

ಅಷ್ಟು ಹೇಳಿ ಅವಳು ಬ್ಯಾಗು ಇಡಲು ಒಳಗೆ ಹೋದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಮದುವೆಯಲ್ಲಿ ನನ್ನನ್ನೂ ಯಾರೂ ಕೇಳಿರಲಿಲ್ಲ. ಅದಕ್ಕೆ ಇಷ್ಟು ವರ್ಷ ಬೇಸರವೂ ಆಗಿರಲಿಲ್ಲ. ಆ ಸಂಜೆ ಆಯಿತು.

ಶೇಖಪ್ಪ ಸಂತೆಯಲ್ಲಿ ಎತ್ತಿನ ವ್ಯಾಪಾರಕ್ಕೆ ನಿಂತರೆ ಎದುರಿನವನಿಗೆ ಬಾಯಿ ತೆಗೆಯಲು ಬಿಡದ ಮನುಷ್ಯ. ಮಗಳ ಕೋಣೆಯ ಬಾಗಿಲವರೆಗೆ ಹೋದ, ನಿಂತ, ತಿರುಗಿ ಬಂದ. ಮತ್ತೆ ಹೋದ. ಕೊನೆಗೆ ನನ್ನ ಪಕ್ಕ ಕೂತು, ಯಾರಿಗೂ ಕೇಳಿಸದಂತೆ, "ಹೆಂಗ ಕೇಳಬೇಕಕ್ಕಾ?" ಅಂದ.

ಮಗಳು ಹುಟ್ಟಿದಾಗಿನಿಂದ ಅವಳಿಗೆ ಬರೀ ಹೇಳಿಯೇ ಅಭ್ಯಾಸವಾದ ಅಪ್ಪನಿಗೆ, ಕೇಳುವುದನ್ನು ಯಾರು ಕಲಿಸಬೇಕು?