ಬೂದಿ ಡಬ್ಬಿಯ ದೋಣಿಯಾನ

ಮಹಾಜನರೇ, ಇತಿಹಾಸ ಹೊರಳಿದೆ: ನಿನ್ನೆ ಮುದ್ದೇಬಿಹಾಳದ ಸಂತೆಯಲ್ಲಿ ನಾನೊಂದು ಮುಚ್ಚಳದ ತಗಡಿನ ಡಬ್ಬಿ ಕೊಂಡೆ! ಅದನ್ನು ನೋಡುತ್ತಲೇ ನಮ್ಮ ಆಯಿ, ಅಪ್ಪನ ಅವ್ವ, ನೆನಪಾದಳು.

ನನ್ನ ಚಿಕ್ಕಂದಿನಲ್ಲೊಮ್ಮೆ ಆಯಿಯ ಮಗಳು, ನಮ್ಮ ಅತ್ತೆ, ಹೊಳೆಯಾಚೆಯ ಊರಲ್ಲಿ ಹಡೆದಿದ್ದಳು. ಕೃಷ್ಣೆ ತುಂಬಿದ್ದಳು; ದೋಣಿಯಲ್ಲಿ ದಾಟಲು ಒಪ್ಪೊತ್ತು ಬೇಕು. ಆಯಿಗೆ ಅಷ್ಟು ಹೊತ್ತು ತಡೆಯಲಾಗದು. ಉಡಿ ತುಂಬಿ ಕೈಮುಗಿಯುವ ಹೊಳೆಯಲ್ಲೇ ಒಂದಕ್ಕೆ ಹೋಗುವುದುಂಟೇ?

“ಗಂಗವ್ವನ ಮೈಲಿಗಿ ಮಾಡಂಗಿಲ್ಲ. ಕೂಸಿನ್ನ ಆಮ್ಯಾಲ ನೋಡ್ತೇನಿ,” ಎಂದು ಕಣ್ಣೊರೆಸಿಕೊಂಡಳು.

ಅಂಬಿಗ ಯಂಕಣ್ಣ ಎಣ್ಣೆ ಡಬ್ಬಿಗೆ ತೂತಿನ ಹಲಗೆ ಹೊಂದಿಸಿ, ತಳಕ್ಕೆ ಒಲೆಯಲ್ಲಿ ಉರಿಸಿದ ಸೆಗಣಿ ಕುಳ್ಳಿನ ಬೂದಿ ಸುರಿದು, ದೋಣಿಯ ಹಿಂದೆ ಕೌದಿಯ ಪರದೆ ಕಟ್ಟಿದ.

“ಬರ್ರಿ ಆಯಿ, ಅರಮನಿ ಕಟ್ಟೇನಿ! ಎದ್ದ ಮ್ಯಾಲ ಒಂದ್ ಬೊಗಸಿ ಬೂದಿ ಹಾಕ್ರಿ. ದಂಡಿ ಮುಟ್ಟಿದ ಮ್ಯಾಲ ಹೊಲದಾಗ ಹುಗೀತೇನಿ. ಗಂಗವ್ವಗ ಹನಿ ಸೈತ ಬೀಳಂಗಿಲ್ಲ.”

“ಹೊಳ್ಳಿ ನೋಡಿದ್ಯಂದ್ರ ನಿನ್ನ ತಲಿಮ್ಯಾಲ ಬೋರಲ ಹಾಕ್ತೇನಿ ನೋಡು!” ಎಂದು ಗದರಿ ಆಯಿ ದೋಣಿ ಹತ್ತಿದಳು.

ಯಂಕಣ್ಣನಷ್ಟೇ ಅಲ್ಲ, ಆಯಿಯ ಜೊತೆಗೆ ಹೋಗಿದ್ದ ನಾನೂ ಸೇರಿ ದೋಣಿಯಲ್ಲಿದ್ದವರೆಲ್ಲ ಕತ್ತು ಬಿಗಿಹಿಡಿದು ಮುಂದೆ ನೋಡುತ್ತ ಕೂತೆವು. ಸಂಜೆಗೆ ಕೂಸು ಆಯಿಯ ತೊಡೆಯ ಮೇಲಿತ್ತು.

ಈಗ ನನಗೂ ಆಯಿಯ ವಯಸ್ಸು. ನಾಳಿದ್ದು ಅದೇ ಕೃಷ್ಣೆಯ ಅಣೆಕಟ್ಟಿನ ಹಿನ್ನೀರನ್ನು ದೋಣಿಯಲ್ಲಿ ದಾಟಿ ಮರಿಮಗಳನ್ನು ನೋಡಲು ಹೊರಟಿದ್ದೇನೆ. ಡಬ್ಬಿ ಸಿದ್ಧ, ಆದರೆ ಮನೆಯಲ್ಲಿರುವುದು ಗ್ಯಾಸ್ ಒಲೆ. ನಿಮ್ಮಲ್ಲಿ ಯಾರಾದರೂ ಒಂದು ಪುಟ್ಟಿ ಬೂದಿ ಎತ್ತಿಡುತ್ತೀರಾ?