ಕೆಮ್ಮಣ್ಣು ಹಾಸಿದವನ ಹೇಳಿಕೆ

ಇವತ್ತು ಕೊರಟಗೆರೆಗೆ ಹೊರಟ ಬಸ್ಸಿನ ಕಿಟಕಿಯಿಂದ ಕೆಂಪು ಧೂಳು ನುಗ್ಗಿ ಬಾಯಿಗೆ ಬಿತ್ತು. ಪಕ್ಕದ ಸೀಟಿನ ಯಜಮಾನರು ಕಣ್ಣೊರೆಸಿಕೊಳ್ಳುತ್ತ ಮಧುಗಿರಿ ಬೆಟ್ಟದ ಕಡೆ ಕೈ ತೋರಿಸಿದರು. "ಆವತ್ತು ಇಮಾನ ಬಿದ್ದಿದ್ದು ಅಲ್ಲೇ ಕಣಪ್ಪಾ. ಸಿರಾ ಸಾಬಿ ಕಟ್ಟಿದ್ ಬಾವುಟ ರೆಕ್ಕೆಗೆ ಸುತ್ಕಂಡ್ಬುಡ್ತು." ನೀವಾದರೆ ಸುಮ್ಮನಿರುತ್ತಿದ್ದಿರೇನೋ. ನನಗೆ ಆ ಅಭ್ಯಾಸವಿಲ್ಲ.

ಅದು ಬಿದ್ದ ಕಾಲಕ್ಕೆ ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಬೆಳ್ಳಿಬಣ್ಣದ ಕಪ್ಪಿನಲ್ಲೇ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಯಾರೋ ದೊಡ್ಡ ಅಧಿಕಾರಿ ಹೆಲಿಕಾಪ್ಟರಿನಲ್ಲಿ ಬರುತ್ತಾರೆಂದು, ಬೆಟ್ಟದ ಬುಡದ ನಮ್ಮೂರಿನ ಪಟೇಲರು ಸ್ವಾಗತದ ಹೊಣೆ ನನಗೆ ವಹಿಸಿದರು. ಬೀಗರು ಬರುವಾಗ ಚಪ್ಪರದ ಕೆಳಗೆ ಹೊಸ ಮಣ್ಣು ಹಾಸುವುದು ನಮ್ಮಲ್ಲಿ ರೂಢಿ. ಆಕಾಶದಿಂದ ಬರುವವರಿಗೆ ಕಡಿಮೆ ಮಾಡಲಾದೀತೆ? ಜರಡಿ ಹಿಡಿದ ಕೆಮ್ಮಣ್ಣನ್ನು ಗಾಡಿಗಟ್ಟಲೆ ತರಿಸಿ ಹೆಲಿಕಾಪ್ಟರ್ ಇಳಿಯುವ ಬಯಲಿಗೆಲ್ಲ ಹಾಸಿಸಿದೆ.

ಗಾಳಿಯ ದಿಕ್ಕು ತೋರಿಸುವ ಬಾವುಟ ಕಟ್ಟಲು ಶಿರಾದಿಂದ ಶಾಮಿಯಾನದ ಖಾಸಿಂ ಸಾಹೇಬರು ಬಂದಿದ್ದರು. ಬೊಗಸೆಯಲ್ಲಿ ಮಣ್ಣೆತ್ತಿ ಊದಿ ನೋಡಿದರು.

"ಬಾಬು, ಇದಕ್ಕೆ ನೀರ್ ಹೊಡ್ಸಿ. ಪಂಖ ತಿರುಗಿದ್ರೆ ಎಲ್ಲಾ ಮೇಲಕ್ಕೆ ಏಳ್ತದೆ."

"ಹೆಲಿಕಾಪ್ಟರ್ ಇಳಿದದ್ದು ನೀವು ನೋಡಿದ್ದೀರಾ?"

"ಇಲ್ಲ."

"ಮತ್ತೆ ಯಾವ ಆಧಾರದ ಮೇಲೆ ಹೇಳ್ತೀರಿ?"

ಸುತ್ತ ನಿಂತವರು ನಕ್ಕರು. ನಾನೂ ನೋಡಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಯಂತ್ರ ತಲೆಯ ಮೇಲೆ ಬಂತಷ್ಟೆ, ಬಯಲೇ ಎದ್ದು ಅದನ್ನು ನುಂಗಿತು. ಧಡ್ ಎಂದಿತು. ಧೂಳು ಇಳಿದಾಗ ಹೆಲಿಕಾಪ್ಟರ್ ಮಗ್ಗುಲಾಗಿ ಬಿದ್ದಿತ್ತು. ಅಧಿಕಾರಿ ಪಾರಾಗಿದ್ದರು, ಪೈಲಟ್ ಕೈ ಮುರಿದುಕೊಂಡಿದ್ದ.

ವಿಚಾರಣೆ ಚಾವಡಿಯಲ್ಲಿ ನಡೆಯಿತು. ಬೆಟ್ಟದ ದೇವರ ಕೋಪ ಎಂದರು ಕೆಲವರು. ಸಾಬಿಯ ಬಾವುಟ ಎಂದರು ಪಟೇಲರು. ಖಾಸಿಂ ಸಾಹೇಬರನ್ನು ಆಗಲೇ ಪೊಲೀಸರ ಪಕ್ಕ ನಿಲ್ಲಿಸಿದ್ದರು. ನಾನು ಎದ್ದೆ. ಬೆಟ್ಟದ ಮೇಲೆ ಹದ್ದು ದಿನಾ ಹಾರುತ್ತದೆ, ದೇವರಿಗೆ ಅದರ ಮೇಲೇಕೆ ಕೋಪವಿಲ್ಲ? ಬಾವುಟ ಇನ್ನೂ ಕಂಬದಲ್ಲೇ ಇದೆ, ಹೋಗಿ ನೋಡಿ! ಕಾದ ಬಂಡೆಯಿಂದ ಏಳುವ ಬಿಸಿಗಾಳಿ, ಬೆಟ್ಟದ ಮರೆಯಲ್ಲಿ ಕೆಳಕ್ಕೆ ತಳ್ಳುವ ಗಾಳಿ ಎಂದು ಮೇಜು ಗುದ್ದಿ ವಾದಿಸಿದೆ.

"ಅದೂ ಇರಬಹುದು," ಎಂದರು ವಿಚಾರಣೆಯವರು. "ಆದ್ರೆ ಗಾಳೀನ ನಾನು ಸಂಭಾಳಿಸ್ದೆ, ಕೊನೇ ಗಳಿಗೇಲಿ ನೆಲವೇ ಕಾಣ್ಲಿಲ್ಲ ಅಂತಾನೆ ಪೈಲಟ್. ಆ ಮಣ್ಣು ಹಾಕ್ಸಿದ್ದು ಯಾರು?"

ಪಟೇಲರು ನನ್ನ ಅಂಗಿ ಎಳೆದರು. "ಕೂತ್ಕಳ್ಲಾ. ಮಣ್ಣು ಮೊದ್ಲಿಂದ್ಲೂ ಅಂಗೇ ಇತ್ತು ಅಂದ್ಬುಡು."

ಖಾಸಿಂ ಸಾಹೇಬರು ನನ್ನನ್ನು ತೋರಿಸಬಹುದಿತ್ತು. ತೋರಿಸಲಿಲ್ಲ. ನಾನು ಪಟೇಲರ ಕೈ ಬಿಡಿಸಿಕೊಂಡೆ.

"ಹಾಕ್ಸಿದ್ದು ನಾನು. ನೀರು ಹೊಡ್ಸಿ ಅಂತ ಇವರು ಹೇಳಿದ್ರು. ಮಾತಲ್ಲಿ ಇವರನ್ನ ಸೋಲಿಸ್ದೆ. ಅದನ್ನೂ ಬರ್ಕೊಳ್ಳಿ."

"ಊರ್ ಮರ್ವಾದೆ ತೆಗ್ದ್ಬುಟ್ಟಲ್ಲೋ!" ಎಂದರು ಪಟೇಲರು. ತೆಗೆದೆ. ಸಾಹೇಬರು ಸಂಜೆಯ ಬಸ್ಸಿಗೇ ಶಿರಾಕ್ಕೆ ಹೋದರು.

ಬಸ್ಸಿನ ಯಜಮಾನರಿಗೆ ಇಷ್ಟನ್ನೂ ಹೇಳಿದೆ. ಅವರು ತಲೆಯಾಡಿಸಿದರು. "ಏನೋಪ್ಪಾ, ನಮ್ ಕಡೆ ಬಾವುಟ ಅಂತ್ಲೇ ಹೇಳೋದು."

"ಇನ್ಮೇಲೆ ಹೇಳ್ಬೇಡಿ. ಬಯ್ಯೋದಿದ್ರೆ ನನ್ನ ಬಯ್ಯಿರಿ," ಎಂದೆ, ಸ್ವಲ್ಪ ಜೋರಾಗಿಯೇ. ಬಸ್ಸಿನಲ್ಲಿದ್ದವರೆಲ್ಲ ತಿರುಗಿದರು. ಒಳ್ಳೆಯದೇ ಆಯಿತು. ಮತ್ತೆ ಮೊದಲಿನಿಂದ ಹೇಳಿದೆ, ಈ ಸಲ ಸಾಹೇಬರ ಮಾತಿನಿಂದ ಶುರುಮಾಡಿ.