ಮಾದೇಶ ಕಂಡ ಮುಳ್ಳು

ನೀವು ಇದನ್ನು ನಂಬುವುದಿಲ್ಲ. ನಮ್ಮ ನಡುಮನೆಯಲ್ಲಿ, ಭತ್ತದ ಮೂಟೆಯ ಮೇಲೆ ಕೂತಿದ್ದ ಒಂದು ಬಿಸ್ಕತ್ತಿನ ಡಬ್ಬಿ ಲೆಕ್ಕ ಕಲಿತುಬಿಟ್ಟಿತ್ತು. ಕಲಿಸಿದವನು ನಾನು, ಮಂಡ್ಯದಲ್ಲಿ ಪಾಲಿಟೆಕ್ನಿಕ್ ಓದುವ ಮಹಾಮೇಧಾವಿ.

ಡಬ್ಬಿಗೆ ನಾಲ್ಕು ಸ್ವಿಚ್ಚು. ಮೊದಲನೆಯದು ಹಾಕಿದರೆ ಚೂರು ಕರೆಂಟು, ಮುಂದಿನದಕ್ಕೆ ಅದರ ಎರಡರಷ್ಟು, ಅದರಾಚೆಯದಕ್ಕೆ ಮತ್ತೆ ಎರಡರಷ್ಟು. ತೂಬುಗಳ ನೀರೆಲ್ಲ ಒಂದೇ ಕಾಲುವೆಗೆ ಬೀಳುವಂತೆ ಎಲ್ಲವೂ ಒಂದೇ ತಂತಿಗೆ ಬಂದು ಸೇರುತ್ತಿತ್ತು. ಸ್ವಿಚ್ಚಿನಲ್ಲಿ ಹಾಕಿದ ಅಂಕಿ ಹೀಗೆ ಹರಿವಾಯಿತು. ಆ ಹರಿವು ವೋಲ್ಟೇಜಾಗಿ, ಮೀಟರಿನ ಮುಳ್ಳು ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಮುಗಿಯಿತು: ನಾಳೆ ಬೆಳಿಗ್ಗೆ ಕಾಲೇಜಿನ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಮುಂದಿನ ಮೇಜು ನನ್ನದು. ಏರದಿದ್ದರೆ ಅದು ನನ್ನ ಕ್ಲಾಸಿನ, ಮಳವಳ್ಳಿಯ ಮಾದೇಶನ ಕರೆಗಂಟೆಗೆ.

ಮುಳ್ಳು ಮಿಸುಕಲಿಲ್ಲ. ಹೇಗಿದ್ದರೂ ನಾನು ನಾಲೆ ಬಯಲಿನ ಹುಡುಗ. ನೀರು ಬರದಿದ್ದರೆ ಕಾಲುವೆಯ ಹೂಳೆತ್ತುವುದೊಂದೇ ಗೊತ್ತು. ಕರೆಂಟು ಸಲೀಸಾಗಿ ಹೋಗಲೆಂದು ಆ ಒಂದೇ ತಂತಿಯ ಜಾಗಕ್ಕೆ ದಪ್ಪದ ತಾಮ್ರದ ತಂತಿ ಹಾಕಿದೆ. ಮುಳ್ಳು ಇನ್ನೂ ಹಾಯಾಗಿ ಮಲಗಿತು.

"ಸತ್ತೋಗದೆ ಕಣ್ಲಾ, ತಿಥಿ ಮಾಡ್ಬುಡು," ಎಂದ, ಬೇಹುಗಾರಿಕೆಗೆ ಬಂದಿದ್ದ ಮಾದೇಶ. "ನನ್ ಗಂಟೆ ನೋಡ್ಲಾ, ಒತ್ತುದ್ರೆ ಬಡ್ಕತದೆ."

ಬೇಸರಕ್ಕೆ ಇಬ್ಬರೂ ಹೋಗಿ ಗದ್ದೆ ಬದುವಿನ ಮೇಲೆ ಕೂತೆವು. ಇಳಿಬಿಸಿಲು, ಎಲ್ಲೋ ಬೆಲ್ಲ ಕಾಯಿಸುವ ವಾಸನೆ, ಕಬ್ಬಿನ ಸೂಲಂಗಿ ಹೂ ತೂಗುವ ನಿದ್ದೆಗಣ್ಣಿನ ಗಾಳಿ. ಅಗಲ ಕಾಲುವೆಯಲ್ಲಿ ನೀರು ನೆಲ ನೆಕ್ಕಿಕೊಂಡು ಹೋಗುತ್ತಿತ್ತು. ಅರೆಗನಸಿನಲ್ಲಿ ಕಂಡದ್ದು ಅಪ್ಪನ ಕೈ: ಎತ್ತರದ ಗದ್ದೆಗೆ ನೀರು ಹತ್ತಿಸಬೇಕಾದರೆ ಅಪ್ಪ ಕಾಲುವೆ ಅಗಲ ಮಾಡುವುದಿಲ್ಲ, ಅಡ್ಡಲಾಗಿ ಒಂದು ಮಣ್ಣಿನ ಹೆಂಟೆ ಇಡುತ್ತಾನೆ! ಹರಿವಿಗೆ ತಡೆ ಸಿಕ್ಕರೆ ತಾನೇ ಮಟ್ಟ ಏರುವುದು? ಪೂರಾ ಮುಚ್ಚಿಬಿಟ್ಟರೆ ತೂಬುಗಳೇ ಕಟ್ಟಿಕೊಳ್ಳುತ್ತವೆ. ಹೆಂಟೆ ಚಿಕ್ಕದೇ ಇರಬೇಕು.

ಮನೆಗೆ ಓಡಿದೆ, ಹಿಂದೆಯೇ ಮಾದೇಶ. ತಾಮ್ರದ ತಂತಿ ಕಿತ್ತು, ಸತ್ತ ರೇಡಿಯೋದಿಂದ ಬಿಡಿಸಿದ್ದ ಅಕ್ಕಿಕಾಳಿನಷ್ಟಿದ್ದ ರೆಸಿಸ್ಟರನ್ನು ಕರೆಂಟಿಗೆ ಹೆಂಟೆಯಾಗಿ ಇಟ್ಟೆ. ಸ್ವಿಚ್ಚು ಹಾಕಿದೆ. ಮುಳ್ಳು ಎದ್ದಿತು! ಮುಂದಿನದಕ್ಕೆ ಇನ್ನೊಂದು ಮೆಟ್ಟಿಲು. ಎಲ್ಲ ಹಾಕಿದಾಗ ಮದುವೆ ಗಂಡಿನಂತೆ ತಲೆಯೆತ್ತಿ ನಿಂತಿತು. ಮಾದೇಶನ ತೆರೆದ ಬಾಯಿ ಮುಚ್ಚಲೇ ಇಲ್ಲ. ಮೈಸೂರಿನಿಂದ ಬರುವ ಮೇಷ್ಟ್ರುಗಳು ನನ್ನ ಮೇಜಿಗೆ ಮುತ್ತಿಕೊಂಡದ್ದು, ನಾನು ದೊಡ್ಡ ಮನಸ್ಸು ಮಾಡಿ ನಕ್ಕದ್ದು, ಎಲ್ಲವೂ ಕಣ್ಣಮುಂದೆ ತೇಲಿದವು.

ಆಗ ಅಪ್ಪ ಒಳಗೆ ಬಂದ, ಕೈಯಲ್ಲಿ ಶೆಲ್ಲಿಲ್ಲದ ಬ್ಯಾಟ್ರಿ ಲೈಟು.

"ಇವತ್ತು ರಾತ್ರಿ ನೀರಿನ ಸರದಿ ನಮ್ದು ಕಣ್ಲಾ. ಬ್ಯಾಟ್ರಿ ಶೆಲ್ ಎಲ್ಲಿ ಮಡಗಿದ್ದೀಯೆ?"

ಮುಚ್ಚಿಡಲು ಜಾಗವಿರಲಿಲ್ಲ, ಡಬ್ಬಿಯ ಹಿಂದೆಯೇ ಸಾಲಾಗಿ ಮಲಗಿದ್ದವು.

"ನಾಳೆ ಬೆಳಿಗ್ಗೆ ಬೇಕಪ್ಪಾ..."

"ಮೊದ್ಲು ಗದ್ದೆ. ನಾಳೆ ಮಧ್ಯಾನ ಬತ್ತೀನಿ, ಆಗ ಈಸ್ಕೊ."

ಅಪ್ಪ ಶೆಲ್ಲು ಕಿತ್ತ. ಮುಳ್ಳು ಮಲಗಿತು. ಬ್ಯಾಟ್ರಿ ಹೊತ್ತಿಸಿ ಆ ಮುಳ್ಳಿನ ಮೇಲೇ ಬೆಳಕು ಬಿಟ್ಟು, "ಉರೀತದೆ," ಎಂದು ಸಮಾಧಾನದಿಂದ ಹೊರಟ.

ಜಗತ್ತಿನಲ್ಲಿ ಉಳಿದ ಒಬ್ಬನೇ ಸಾಕ್ಷಿಯ ಕಡೆ ತಿರುಗಿದೆ. ಮಾದೇಶ ಆಗಲೇ ಸೈಕಲ್ಲಿನ ಮೇಲಿದ್ದ.

"ನಾನೇನೂ ನೋಡ್ನಿಲ್ಲ ಕಣ್ಲಾ," ಎಂದು ಗಂಟೆ ಬಾರಿಸುತ್ತಾ ಹೋದ.